ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ

ಅಮೆರಿಕದ ಅಯೋವಾ ರಾಜ್ಯದ ಮ್ಯಾಡಿಸನ್ ಕೌಂಟಿಯ ಹಳೇ ಕಟ್ಟಡಗಳ ಬಗ್ಗೆ ಬರೆಯುತ್ತಾ, ‘ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಸೇರಿದ್ದನ್ನು ಯಾರೂ ಕೆಡವುವಂತಿಲ್ಲ’ ಅಂದಿದ್ದೀರಿ. ತಪ್ಪು. ಮಾಲೀಕ ಸ್ವಂತ ದುಡ್ಡಲ್ಲಿ ಕೆಡವಿದರೆ ಈ ಪಟ್ಟಿಗೆ ಆಧಾರವಾದ 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆ ಅಡ್ಡ ಬರುವುದಿಲ್ಲ. ಫೆಡರಲ್ (ಕೇಂದ್ರ) ಸರ್ಕಾರದ ಹಣವೋ ಪರವಾನಗಿಯೋ ಇದ್ದರೆ ಪರಿಶೀಲನೆ ಉಂಟು, ಅದೂ ನಿಷೇಧವಲ್ಲ. ತಡೆಯುವ ಬಲ ಇದ್ದರೆ ಅದು ಸ್ಥಳೀಯ ನಿಯಮಕ್ಕೆ. ನವೀಕರಣದ ಖರ್ಚಿಗೆ ಸಿಗುವ 20% ಫೆಡರಲ್ ತೆರಿಗೆ ರಿಯಾಯಿತಿಯೂ ಅಂಗಡಿ, ಬಾಡಿಗೆಯಂಥ ಆದಾಯದ ಕಟ್ಟಡಕ್ಕೇ. ತಾನೇ ವಾಸವಿರುವ ಮನೆಗಲ್ಲ.

ಇನ್ನು ‘ಇಟ್ಟಿಗೆಗಳ ನಡುವಿನ ಸಂದು ಸಿಮೆಂಟಿನಿಂದ ತುಂಬಿ ಗಟ್ಟಿ ಮಾಡಬೇಕು’ ಎಂಬ ನಿಮ್ಮ ಸಲಹೆ! 19ನೇ ಶತಮಾನದ ಮೆತ್ತನೆ ಇಟ್ಟಿಗೆಗೆ ಸಿಮೆಂಟೇ ಯಮ. ತೇವ ಸಂದಿನಿಂದ ಆರಿಹೋಗಲಾಗದೆ ಇಟ್ಟಿಗೆಯಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮೈ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಸಂದಿನ ಅಗಲದ ಎರಡು–ಎರಡೂವರೆ ಪಟ್ಟು ಆಳಕ್ಕೆ ಕೆರೆದು, ಸುಣ್ಣದ ಗಾರೆಯನ್ನೇ ತುಂಬಬೇಕು.