ಹಸಿರು ಅಂಗಡಿಯ ಪ್ಲಾಸ್ಟಿಕ್ ಪ್ರೀತಿ

ಅಲ್ಲ ಮಾರಾಯ್ರೆ, ಪರಿಸರ ದಿನದ ಗಿಫ್ಟ್ ಅಂತ ಇವತ್ತು ಆ ದೊಡ್ಡ ಅಂಗಡಿಯವರು ತುಳಸಿ ಗಿಡ ಕೊಟ್ರು, ಪ್ಲಾಸ್ಟಿಕ್ ಕಪ್ಪಲ್ಲಿ, ಮೇಲಿಂದ ಇನ್ನೊಂದು ಪ್ಲಾಸ್ಟಿಕ್ ಕವರ್! ಬಾಗಿಲಲ್ಲಿ "ಭೂತಾಯಿಯನ್ನು ಉಳಿಸಿ" ಅಂತ ಆಳೆತ್ತರದ ಫ್ಲೆಕ್ಸ್. ಫ್ಲೆಕ್ಸು, ಕ್ಲಿಂಗ್ ಫಿಲ್ಮು, ಕ್ಯಾರಿಬ್ಯಾಗು ಎಲ್ಲ ರಾಜ್ಯದಲ್ಲಿ 2016ರಲ್ಲೇ ಬ್ಯಾನ್ ಆದದ್ದು ಇವರಿಗೆ ಯಾರೂ ಹೇಳ್ಲೇ ಇಲ್ವಾ?

ಒಳಗೆ ಹೋದ್ರೆ ಒಂದೊಂದು ಮಟ್ಟುಗುಳ್ಳ ಬದನೆಗೂ ಥರ್ಮಾಕೋಲ್ ತಟ್ಟೆ, ಬಿಗಿಯಾಗಿ ಸುತ್ತಿದ ಫಿಲ್ಮು, ಅದರ ಮೇಲೆ ಹಸಿರು ಎಲೆಯ ಸ್ಟಿಕ್ಕರ್. ಈ ಸೆಕೆಗೆ ನಾವೇ ಬೇಯ್ತಾ ಇದ್ದೇವೆ, ಗುಳ್ಳಕ್ಕೆ ಎಂತ ಚಳಿಯಾ? ಬಿಲ್ಲಿಂಗಲ್ಲಿ ಚೀಲ ಕೇಳಿದ್ರೆ "ಇಕೋ ಬ್ಯಾಗ್ ಸರ್, 15 ರುಪಾಯಿ" ಅಂತಾರೆ, ಮುಟ್ಲಿಕ್ಕೆ ಬಟ್ಟೆ ಥರ, ಆದ್ರೆ ಪಾಲಿಪ್ರೊಪಿಲೀನ್, ಅಂದ್ರೆ ಅಪ್ಪಟ ಪ್ಲಾಸ್ಟಿಕ್ಕೇ, ಮೇಲೆ ಅವರದ್ದೇ ಇಷ್ಟುದ್ದದ ಹೆಸರು ಬೇರೆ. ಅವರ ಜಾಹೀರಾತು ಹೊತ್ಕೊಂಡು ಊರಿಡೀ ತಿರುಗ್ಲಿಕ್ಕೆ ದುಡ್ಡು ನಾನು ಕೊಡ್ಬೇಕಾ?

2019ರ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರ ಊರಿನ ತೋಟಗಳನ್ನೇ ನುಂಗಿತಲ್ಲ, ಅದರಲ್ಲಿ ಇದ್ದದ್ದೆಲ್ಲ ಬಾಳೆಲೆಯಾ? ಹೋಗ್ಲಿ, ಮನೆಯಿಂದ್ಲೇ ಬಟ್ಟೆ ಚೀಲ ತಕೊಂಡು ಹೋದ್ರೆ ಗೇಟಿನ ಸೆಕ್ಯೂರಿಟಿಯವ ಅದರ ಬಾಯಿಗೂ ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದೇ ಒಳಗೆ ಬಿಡೋದು.