ಒಂದು ವರ್ಷದ ಲೆಕ್ಕ ಸಾಲದು
ವಿದೇಶದಲ್ಲಿ ಮೆಡಿಕಲ್ ಓದುವುದರ ಬಗೆಗಿನ ಲೇಖನದಲ್ಲಿ 'ಸೀಟು ಸಿಕ್ಕರೆ ಸಾಲ ತಾನಾಗಿ ಸಿಗುತ್ತದೆ' ಎಂದಿದೆ. ಅಮೆರಿಕದ ಮಟ್ಟಿಗೆ ಇದನ್ನು ನಂಬಿ ಕೂರಬೇಡಿ. ವಿದೇಶಿ ವಿದ್ಯಾರ್ಥಿ ವೀಸಾದವರಿಗೆ ಅಲ್ಲಿನ ಫೆಡರಲ್ (ಕೇಂದ್ರ ಸರ್ಕಾರದ) ಸಾಲವಿಲ್ಲ. ಖಾಸಗಿ ಸಾಲಕ್ಕೆ ಹೋದರೆ ಅಮೆರಿಕದ ಪ್ರಜೆಯನ್ನೋ ಗ್ರೀನ್ ಕಾರ್ಡ್ ಇದ್ದವರನ್ನೋ ಜಾಮೀನಿಗೆ ಕರೆತನ್ನಿ ಅನ್ನುವುದೇ ಹೆಚ್ಚು. ಅದಕ್ಕಿಂತ ದೊಡ್ಡ ಪೆಟ್ಟು ಎಸ್ಕ್ರೋ, ಅಂದರೆ ಓದಿನ ಹಣವನ್ನು ಮುಂಗಡವಾಗಿಯೇ ಮೀಸಲಿಡುವುದು. ಕೆಲವು ಮೆಡಿಕಲ್ ಕಾಲೇಜುಗಳು ನಾಲ್ಕೂ ವರ್ಷದ ಹಣವನ್ನು ತರಗತಿ ಶುರುವಾಗುವ ಮೊದಲೇ ಪ್ರತ್ಯೇಕ ಖಾತೆಯಲ್ಲಿ ಇಡಿಸುತ್ತವೆ. ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಐ-20 ಪತ್ರಕ್ಕೆ ಮೊದಲ ವರ್ಷದ ಖರ್ಚು ತೋರಿಸಿದರೆ ಸಾಕು, ಹಾಗಾಗಿ ಮನೆಯವರು ಅಷ್ಟಕ್ಕೇ ಲೆಕ್ಕ ಹಾಕಿರುತ್ತಾರೆ. ಅರ್ಜಿ ಶುಲ್ಕ ಕಟ್ಟುವ ಮುಂಚೆಯೇ ಇಮೇಲ್ ಹಾಕಿ ಕೇಳಿ: ಎಸ್ಕ್ರೋ ಇದೆಯಾ, ಎಷ್ಟು ವರ್ಷದ್ದು? ಅಂದಹಾಗೆ, ಜರ್ಮನಿಯ ಹೆಸರೇ ಲೇಖನದಲ್ಲಿಲ್ಲ, ಯಾಕೋ! ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಮೆಡಿಕಲ್ ಪಾಠ ಜರ್ಮನ್ ಭಾಷೆಯಲ್ಲಿ.