ಹೆಬ್ಬೆರಳು ಎತ್ತಬೇಡಿ ಸ್ವಾಮಿ

ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡಲು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯಲು ಹೋದವರು ಮೀನು ನೋಡಿ ಬಂದರು ಅಂತ ನೀವು ನಂಬಿದ್ದರೆ, ನೀವಿನ್ನೂ ಅಲ್ಲಿಗೆ ಹೋಗಿಲ್ಲ ಅಂತಲೇ ಅರ್ಥ. ಅಲ್ಲಿ ಮೀನು ನಮ್ಮನ್ನು ನೋಡುತ್ತದೆ. ನಾವು ಕ್ಯಾಮೆರಾ ನೋಡುತ್ತೇವೆ.

ಮುರ್ಡೇಶ್ವರದಿಂದ ಬೋಟಿನಲ್ಲಿ ಹತ್ತಿರ ಹತ್ತಿರ ಒಂದೂವರೆ ತಾಸು. ಅರ್ಧ ದಾರಿಯಲ್ಲೇ ಬೆಳಗಿನ ಇಡ್ಲಿ ವಡೆಯನ್ನು ಒಬ್ಬೊಬ್ಬರಾಗಿ ಸಮುದ್ರರಾಜನಿಗೆ ಒಪ್ಪಿಸಿದೆವು. ಈ ದ್ವೀಪಕ್ಕೆ ಮೀನುಗಾರರು ಹರಕೆಯ ಆಡು ತಂದು ಬಿಡುವುದುಂಟು. ನಮ್ಮದು ಸಸ್ಯಾಹಾರಿ ಹರಕೆ. ಮೀನುಗಳು ಭೇದ ಮಾಡದೆ ಸಾಂಬಾರಿನ ಸಮೇತ ಸ್ವೀಕರಿಸಿದವು.

ನೀರಿಗಿಳಿಯುವ ಮುಂಚೆ ಸಣ್ಣ ಪಾಠ. ಹೆಬ್ಬೆರಳು ಎತ್ತಿದರೆ ನೀರಿನಡಿ 'ಸೂಪರ್' ಅಂತಲ್ಲ, 'ನನ್ನನ್ನು ಮೇಲೆ ಕರೆದೊಯ್ಯಿ' ಅಂತ. ಆರಾಮಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದೆವು. ಆದರೆ ಕ್ಯಾಮೆರಾ ಕಂಡರೆ ನಮ್ಮ ಹೆಬ್ಬೆರಳು ಯಾರ ಮಾತು ಕೇಳುತ್ತೆ? ನಮ್ಮ ಜೊತೆಗಿದ್ದ ಯಜಮಾನರೊಬ್ಬರು ಮೂರು ಸಲ ಎತ್ತಿದರು. ಮೂರು ಸಲವೂ ಅವರನ್ನು ಮೇಲಕ್ಕೆ ತಂದರು. ಐದು ಸಾವಿರ ಚಿಲ್ಲರೆ ಕೊಟ್ಟು ಅವರು ಹವಳಕ್ಕಿಂತ ಆಕಾಶವನ್ನೇ ಜಾಸ್ತಿ ನೋಡಿದರು.

ಈಜು ಬರಬೇಕಾಗಿಲ್ಲ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ, ಹಿಂದಿನಿಂದ ಸಿಲಿಂಡರ್ ಹಿಡಿದು ಒಬ್ಬ ಹುಡುಗ ನಮ್ಮನ್ನು ಒಯ್ಯುತ್ತಾನೆ. ಮನೆಗೆ ಬಂದ ಮೇಲೆ ವಿಡಿಯೋದಿಂದ ಆ ಹುಡುಗನನ್ನು ಕತ್ತರಿಸಿ, 'ಕಡಲಾಳದಲ್ಲಿ ನಾನು' ಅಂತ ಸ್ಟೇಟಸ್ ಹಾಕಿದರಾಯಿತು.

ಇನ್ನು ಬಣ್ಣದ ವಿಚಾರ. ನೀರಿನೊಳಗೆ ಮೊದಲು ಮಾಯವಾಗುವುದು ಕೆಂಪು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲೇ ಅದು ಮಾಸಿ ಕಂದಾಗುತ್ತದೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಫೋಟೋಗೆಂದೇ ಕೆಂಪು ಬಳೆ ತೊಟ್ಟು ಬಂದಿದ್ದಳು. ಫೋಟೋದಲ್ಲಿ ಅವು ತುಕ್ಕು ಹಿಡಿದ ಕಬ್ಬಿಣದ ಹಾಗೆ ಕಂಡವು. ಗಂಡನ ಮುಖ ಹಸಿರು. ಅದಕ್ಕೆ ನೀರಿನ ತಪ್ಪಿಲ್ಲ, ಬೋಟಿನಲ್ಲೇ ಹಸಿರಾಗಿತ್ತು.

'ಹವಳ ಮುಟ್ಟಬೇಡಿ' ಅಂತ ನೂರು ಸಲ ಹೇಳುತ್ತಾರೆ. ಸರಿಯಾದ ಮಾತೇ. ಹವಳ ಕಲ್ಲಲ್ಲ, ಜೀವ. ಕೆಲವು ಜಾತಿ ವರ್ಷಕ್ಕೆ ಬೆಳೆಯುವುದು ಬರೀ ಕೆಲವು ಮಿಲಿಮೀಟರ್. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿಯ ಪಕ್ಕದಲ್ಲೇ, ಮೊದಲ ಪಟ್ಟಿಯಲ್ಲಿದೆ. ಆದರೆ ಇದೇ ನೇತ್ರಾಣಿಯನ್ನು ನೌಕಾಪಡೆ ವರ್ಷಗಟ್ಟಲೆ ಗುಂಡು ಹಾರಿಸುವ ತಾಲೀಮಿಗೆ ಗುರಿ ಮಾಡಿಕೊಂಡಿತ್ತು! ಅಂದರೆ ಫಿರಂಗಿಗೆ ಅಡ್ಡಿಯಿಲ್ಲ, ಬೆರಳಿಗೆ ಮಾತ್ರ ನಿಷೇಧ. ಪಾಪ, ಹವಳಕ್ಕೂ ತಲೆ ಕೆಟ್ಟಿರಬೇಕು.

ಆದರೂ ನಮ್ಮವರು ಬಿಡಬೇಕಲ್ಲ. ಒಬ್ಬ ಹವಳದ ಮೇಲೆ ಮೊಣಕೈ ಊರಿ, ಮದುವೆ ಮನೆಯ ಸೋಫಾದಲ್ಲಿ ಕೂತವನಂತೆ ಪೋಸ್ ಕೊಟ್ಟ. ಬಂಡೀಪುರದಲ್ಲಿ ಹುಲಿ ಬೆನ್ನ ಮೇಲೆ ಮೊಣಕೈ ಊರು ಅಂದರೆ ಊರುತ್ತಾನಾ?

ನನ್ನ ಪಾಲಿಗೆ ಹನ್ನೊಂದು ಫೋಟೋ ಬಂದವು. ಹತ್ತರಲ್ಲಿ ಗುಳ್ಳೆ. ಒಂದರಲ್ಲಿ ನಾನು, ಮೂಲೆಯಲ್ಲಿ ಅರ್ಧ ಬಾಲ. ಮನೆಯವರ ಗ್ರೂಪಿಗೆ ಹಾಕಿದೆ. ಚಿಕ್ಕಮ್ಮ ತಕ್ಷಣ ಕೇಳಿದರು: "ಯಾವ ಸ್ವಿಮ್ಮಿಂಗ್ ಪೂಲೋ ಅದು? ನೀರು ಬದಲಾಯಿಸಲ್ವಾ?"

ನಾನು ಹೆಬ್ಬೆರಳು ಒತ್ತಿ ಸುಮ್ಮನಾದೆ.